ಸ್ವರಪುನರುಕ್ತಿ

ಪುನರುಕ್ತಿಯನ್ನು ನಮ್ಮ ಆಲಂಕಾರಿಕರು ಕಾವ್ಯದೋಷಗಳಲ್ಲಿ ಎಣಿಸಿರುವರು. ಸಂಗೀತದಲ್ಲಾದರೋ ಅದು ದೋಷವೂ ಆಗಬಹುದು, ಪ್ರಾಣವೂ ಆಗಬಹುದು. ಈ ವಿಚಾರಕ್ಕೆ ನನ್ನನ್ನು ಎಳೆದವನು ನನ್ನ ಸೋದರಳಿಯ. ಗಣಕಯಂತ್ರದಲ್ಲಿ ಪಾಶ್ಚಾತ್ಯ ವಾದ್ಯಮೇಳವನ್ನು ನುಡಿಸುವ ಹವ್ಯಾಸ ಅವನಿಗುಂಟು. ಒಂದು ದಿನ ತಾನು ರಚಿಸಿದ ಪಿಟೀಲುಗಳ ಭಾಗವೊಂದನ್ನು ಕೇಳಿಸಿ, “ಹೇಗಿದೆ ಮಾವ?” ಎಂದನು. ಒಂದೇ ಸ್ವರವು ಹದಿನಾರು ಬಾರಿ ಬೇಗಬೇಗನೆ ಬರುತ್ತಿತ್ತು. “ಪಕ್ಕದ ಮನೆಯ ಹೊಲಿಗೆಯಂತ್ರದ ಹಾಗಿದೆಯಪ್ಪ” ಎಂದೆನು. ಅವನ ಮುಖ ಸಪ್ಪಗಾಯಿತು. ಆದರೆ ಈ ದೋಷಕ್ಕೆ ಆ ಕಸುಬಿನವರಲ್ಲಿ ಹೆಸರೇ ಇದೆಯೆಂದು ಅವನೇ ಹೇಳಿದನು: ‘ಮೆಷಿನ್ ಗನ್’ ಎಂದು. ಅದರ ಮೂಲವನ್ನು ಅರಸಹೊರಟ ನಾನು ನಾಲ್ಕುನೂರು ವರ್ಷ ಹಿಂದಕ್ಕೆ, ವೆನಿಸ್ ನಗರಕ್ಕೆ ಹೋಗಬೇಕಾಯಿತು.

1624ರಲ್ಲಿ ಆ ನಗರದಲ್ಲಿ ಕ್ಲಾಡಿಯೋ ಮಾಂಟೆವೆರ್ಡಿ ಎಂಬ ವಾಗ್ಗೇಯಕಾರನು ಟ್ಯಾಂಕ್ರೆಡಿ, ಕ್ಲೋರಿಂಡಾ ಎಂಬಿಬ್ಬರ ದ್ವಂದ್ವಯುದ್ಧವನ್ನು ಗೀತರೂಪವಾಗಿ ಪ್ರಯೋಗಿಸಿದನು. ಕ್ರೋಧವನ್ನು ಹೊರಪಡಿಸಬಲ್ಲ ಶೈಲಿಯೇ ಅದುವರೆಗಿನ ಸಂಗೀತದಲ್ಲಿ ಇಲ್ಲವೆಂಬುದು ಆತನ ಕೊರಗು. ಪ್ಲೇಟೋವಿನ ಮಾತುಗಳನ್ನು ಮನನಮಾಡಿ, ಗ್ರೀಕರ ‘ಪಿರಿಕ್’ ಎಂಬ ಗಣವು ಯುದ್ಧನರ್ತನಕ್ಕೆ ಒಪ್ಪತಕ್ಕದ್ದೆಂದು ಕಂಡುಕೊಂಡನು. ನಮ್ಮ ಛಂದಸ್ಸಿನ ಪರಿಭಾಷೆಯಲ್ಲಿ ಅದು ಎರಡು ಲಘುಗಳು, ಅಷ್ಟೆ. ಆ ಲಾಘವವನ್ನು ತರಲು ಒಂದು ದೀರ್ಘಸ್ವರವನ್ನು ಹದಿನಾರು ತುಂಡುಮಾಡಿ ನುಡಿಸಬೇಕೆಂದು ಬರೆದುಕೊಟ್ಟನು. ವಾದಕರಿಗೆ ಅದು ನಗೆಗೀಡಾಯಿತು. ಒಂದೇ ತಂತಿಯನ್ನು ಹದಿನಾರು ಸಲ ಮಿಡಿಯುವುದೆಂದರೇನು? ಹದಿನಾರನ್ನೂ ಒಂದೇ ಪೆಟ್ಟಿಗೆ ಇಳಿಸಿಬಿಟ್ಟರು! 1638ರಲ್ಲಿ ಅಚ್ಚಾದ ತನ್ನ ಗ್ರಂಥದ ಮುನ್ನುಡಿಯಲ್ಲಿ ಆತನೇ ಈ ಸಂಗತಿಯನ್ನು ಹೇಳಿಕೊಂಡಿರುವನು. ಕಾಲಕ್ರಮದಲ್ಲಿ ವಾದಕರು ನಗುವುದನ್ನು ಬಿಟ್ಟರು. ಆ ಪುನರುಕ್ತಿಯು ಯೂರೋಪಿನ ವಾದ್ಯಮೇಳದ ಸಾಮಾನ್ಯ ಭಾಷೆಯೇ ಆಯಿತು. 1808ನೆಯ ಡಿಸೆಂಬರ್ 22ರಂದು ವಿಯೆನ್ನಾದಲ್ಲಿ ಮೊದಲು ಕೇಳಿಬಂದ ಬೇಥೋವನನ ಐದನೆಯ ಸಿಂಫೊನಿಯು ಆರಂಭವಾಗುವುದೇ ಒಂದೇ ಸ್ವರದ ಮೂರು ಹ್ರಸ್ವ ಆಘಾತಗಳಿಂದ.

ಆ ಮೂರು ಆಘಾತಗಳು ಒಂದೇ ಎನ್ನುವುದು ಕಾಗದದ ಮೇಲಿನ ಮಾತು. ಕಮಾನು ಕೆಳಗಿಳಿಯುವಾಗ ಒಂದು ಭಾರ, ಮೇಲೇರುವಾಗ ಇನ್ನೊಂದು. ಮೊದಲ ಪೆಟ್ಟಿಗೆ ತಂತಿಯು ನಿಶ್ಚಲವಾಗಿರುತ್ತದೆ. ಎರಡನೆಯದಕ್ಕೆ ಅದು ಇನ್ನೂ ಕಂಪಿಸುತ್ತಲೇ ಇರುತ್ತದೆ. ಹತ್ತು ಮಂದಿ ಪಿಟೀಲುಗಾರರು ಕೂಡಿದರೆ ಹತ್ತು ಕೈಗಳ ಸೂಕ್ಷ್ಮಭೇದಗಳೂ ಕೂಡುತ್ತವೆ. ಪಾಠಶಾಲೆಯಲ್ಲಿ ಘನಪಾಠವನ್ನು ಕೇಳಿದವರಿಗೆ ಇದು ಹೊಸತಾಗಿ ತೋರದು. ಅಲ್ಲಿ ಒಂದು ಘನದಲ್ಲಿಯೇ ಒಂದು ಪದವು ಐದು ಬಾರಿ ಬರುವುದು. ಆದರೆ ನೆರೆಯ ಪದವು ಬದಲಾದಂತೆ ಸಂಧಿಯೂ ಸ್ವರವೂ ಬದಲಾಗುವುದರಿಂದ ಐದೂ ಒಂದೇ ಆಗಿರವು. ಐದನ್ನೂ ಒಂದೇ ಎರಕದಲ್ಲಿ ಹೊಯ್ದು ನಾನು ಬೆತ್ತದ ರುಚಿ ನೋಡಿದ್ದುಂಟು.

ಮನುಷ್ಯನ ಕೈ ತಿಳಿಯದೆಯೇ ಮಾಡುತ್ತಿದ್ದ ಈ ಭೇದವು ಯಂತ್ರವು ಬಂದಮೇಲೆಯೇ ಬಯಲಾದದ್ದು. 1963ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸಿದ್ಧವಾದ ಮೆಲೊಟ್ರಾನ್ ಎಂಬ ವಾದ್ಯದಲ್ಲಿ ಒಂದೊಂದು ಕೀಲಿಯ ಕೆಳಗೂ ಮುದ್ರಿತ ಧ್ವನಿಯುಳ್ಳ ಸುಮಾರು ಎಂಟು ಸೆಕೆಂಡುಗಳ ಟೇಪು ಇರುತ್ತಿತ್ತು. ವಾದಕರ ಅನ್ನಕ್ಕೆ ಇದರಿಂದ ಸಂಚಕಾರ ಬಂದೀತೆಂದು ಬ್ರಿಟನ್ನಿನ ವಾದಕರ ಸಂಘವು ಕಳವಳಗೊಂಡಿತು. ಆ ಭಯವು ನಿರಾಧಾರವೆನ್ನಲಾರೆ. ಆದರೆ ಕೀಲಿಯನ್ನು ಬಿಟ್ಟಮೇಲೆ ಟೇಪು ಹಿಂದಿರುಗಿ ಮೊದಲ ಸ್ಥಾನಕ್ಕೆ ಬರಬೇಕಾಗಿತ್ತು. ಮಾಂಟೆವೆರ್ಡಿಯ ಹದಿನಾರು ಅದಕ್ಕೆ ಸಾಧ್ಯವೇ ಇರಲಿಲ್ಲ. 1979ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಬಂದ ಫೇರ್‌ಲೈಟ್ ಎಂಬ ಗಣಕವಾದ್ಯಕ್ಕೆ ಆ ಅಡ್ಡಿ ಇಲ್ಲ. ಎಷ್ಟು ವೇಗವಾಗಿಯಾದರೂ ನುಡಿಯಬಲ್ಲದು. ಆದರೆ ಅದರ ಒಂದೊಂದು ಧ್ವನಿಗೆ ಇದ್ದ ಸ್ಮೃತಿ ಹದಿನಾರು ಕಿಲೋಬೈಟು ಮಾತ್ರ. ಒಂದು ಸ್ವರಕ್ಕೆ ಒಂದೇ ಮುದ್ರಿಕೆ ಹಿಡಿಸುವುದೇ ಕಷ್ಟವಾದಲ್ಲಿ ನಾಲ್ಕನ್ನು ಇಡುವುದೆಲ್ಲಿ? ಒಂದನ್ನೇ ಮತ್ತೆಮತ್ತೆ ನುಡಿಸಿದಾಗ, ಉಸಿರಿನಷ್ಟೂ ವ್ಯತ್ಯಾಸವಿಲ್ಲದ ಆ ಏಕರೂಪತೆಯನ್ನು ಕಿವಿ ಕೂಡಲೇ ಹಿಡಿಯಿತು.

1998ರಲ್ಲಿ ಅಮೆರಿಕದ ಗಿಗಾಸ್ಯಾಂಪ್ಲರ್ ಎಂಬ ಸಾಧನವು ಧ್ವನಿಯ ಮೊದಲ ಭಾಗವನ್ನು ಮಾತ್ರ ಸ್ಮೃತಿಯಲ್ಲಿಟ್ಟುಕೊಂಡು ಉಳಿದುದನ್ನು ಡಿಸ್ಕಿನಿಂದ ಆಗಿಂದಾಗ ಓದಿಕೊಳ್ಳುವ ಉಪಾಯವನ್ನು ತಂದಮೇಲೆ ಈ ಬಡತನ ತೀರಿತು. 2000ದಲ್ಲಿ ಹರ್ಬ್ ಟುಕ್ಮಾಂಡ್ಲ್ ಎಂಬ ಚೆಲ್ಲೋವಾದಕನು ವಿಯೆನ್ನಾದಲ್ಲಿ ಸ್ಥಾಪಿಸಿದ ಸ್ವರಭಂಡಾರವು ಬಿಡಿಸ್ವರಗಳಲ್ಲಿಯೇ ತೃಪ್ತಿಪಡದೆ, ವಾದಕರಿಂದ ಸ್ವರಗಳನ್ನು ಸಾಲಾಗಿ ಮರುನುಡಿಸಿ, ಆ ಸಾಲಿನ ಒಂದೊಂದು ಪೆಟ್ಟನ್ನೂ ಬೇರೆಬೇರೆಯಾಗಿ ಶೇಖರಿಸಿತು. ಒಂದೇ ಸ್ವರದ ಹಲವು ಮುದ್ರಿಕೆಗಳನ್ನು ಸರದಿಯಂತೆ ನುಡಿಸುವ ಕ್ರಮಕ್ಕೆ ‘ರೌಂಡ್ ರಾಬಿನ್’ ಎಂದು ಹೆಸರು. ಇದು ಇಂಗ್ಲಿಷ್ ನಾವಿಕರ ಮಾತು: ದೂರುಪತ್ರಕ್ಕೆ ವೃತ್ತಾಕಾರವಾಗಿ ರುಜುಹಾಕಿದರೆ ಮೊದಲು ಹಾಕಿದವನು ಯಾರೆಂದು ಕಪ್ತಾನನಿಗೆ ತಿಳಿಯದು.

ಈ ಉಪಾಯವೂ ನಿರ್ದುಷ್ಟವಲ್ಲ. ನನ್ನ ಸೋದರಳಿಯನ ಭಂಡಾರದಲ್ಲಿ ನಾಲ್ಕು ಮುದ್ರಿಕೆಗಳಿದ್ದುವು. ಆದರೂ ಹೊಲಿಗೆಯಂತ್ರ ಕೇಳಿಸುತ್ತಿತ್ತಲ್ಲ! ಇಬ್ಬರೂ ಕುಳಿತು ಹುಡುಕಿದೆವು. ಅವನ ತಾಳದ ಪ್ರತಿ ಎಣಿಕೆಗೂ ನಾಲ್ಕು ಸ್ವರಗಳು. ಹೀಗಾಗಿ ಪ್ರತಿ ಎಣಿಕೆಯ ತಲೆಯ ಮೇಲೂ ಅದೇ ಒಂದನೆಯ ಮುದ್ರಿಕೆ ಬಂದು ಕೂರುತ್ತಿತ್ತು, ಅದರಲ್ಲಿದ್ದ ಕಮಾನಿನ ಸಣ್ಣ ಕೆರೆತವೂ ಅದರೊಡನೆ. ಒಂದು ಮುದ್ರಿಕೆಯನ್ನು ತೆಗೆದು ಮೂರನ್ನೇ ಉಳಿಸಿದಾಗ ಕೆರೆತವು ಎಣಿಕೆಯಿಂದ ಎಣಿಕೆಗೆ ಜಾರಿ ಕಣ್ಮರೆಯಾಯಿತು. ಇದ್ದುದನ್ನು ಕಳೆದು ಸಮೃದ್ಧಿಯನ್ನು ಪಡೆದ ಈ ಲೆಕ್ಕ ನನಗೆ ಬಹಳ ಹಿಡಿಸಿತು. ಬಳಿಕ ಅವನು ಪೆಟ್ಟುಗಳ ಬಲವನ್ನು ಏರಿಳಿಸಿದನು. ಕೆಲವನ್ನು ಕೂದಲೆಳೆಯಷ್ಟು ಮುಂದಕ್ಕೂ ಹಿಂದಕ್ಕೂ ಸರಿಸಿದನು. ಒಂದೆರಡು ಕಡೆ ನೆರೆಯ ಸ್ವರದ ಮುದ್ರಿಕೆಯನ್ನು ಎರವಲು ತಂದು ಶ್ರುತಿಯನ್ನು ಅರ್ಧಸ್ಥಾನ ಸರಿಪಡಿಸಿ ಸೇರಿಸಿದನು. ಆಮೇಲೆ ಕೇಳಿದರೆ ಹೊಲಿಗೆಯಂತ್ರವಿಲ್ಲ. ನಿಜವಾದ ಪಿಟೀಲೆಂದು ಪ್ರಮಾಣಮಾಡಲಾರೆನಾದರೂ ಕಿವಿ ತಕರಾರು ಹೇಳಲಿಲ್ಲ.

ಇಂಥ ಭಂಡಾರಗಳನ್ನು ಮುದ್ರಿಸುವ ಬಗೆಯನ್ನು ಅವನಿಂದಲೇ ಕೇಳಿದೆನು. ವಿಯೆನ್ನಾದ ಆ ಸಂಸ್ಥೆಯವರು ಇದಕ್ಕೆಂದೇ ನಿಶ್ಶಬ್ದವಾದ ರಂಗಶಾಲೆಯೊಂದನ್ನು ಕಟ್ಟಿಸಿಕೊಂಡಿರುವರಂತೆ. ಅಲ್ಲಿ ನುರಿತ ವಾದಕನು ಕುಳಿತು, ರಾಗವಿಲ್ಲದೆ, ಜೊತೆಗಾರರಿಲ್ಲದೆ, ಒಂದೇ ತಂತಿಯ ಮೇಲೆ ಒಂದೇ ಸ್ವರವನ್ನು ಮತ್ತೆ ಮತ್ತೆ ನುಡಿಸುವನು. ಮೃದುವಾಗಿ ಒಮ್ಮೆ, ಗಟ್ಟಿಯಾಗಿ ಒಮ್ಮೆ, ಕಮಾನನ್ನು ಇಳಿಸಿ ಒಮ್ಮೆ, ಏರಿಸಿ ಒಮ್ಮೆ. ಯಾರೂ ನಗುವುದಿಲ್ಲ, ಮೈಕಿನ ಮುಂದೆ ಕುರ್ಚಿ ಕಿರುಗುಟ್ಟಿದರೂ ಮೊದಲಿನಿಂದ ನುಡಿಸಬೇಕಲ್ಲ!