ಕೋಲಾರದ ರೇಷ್ಮೆ, ಹಾಲು ಮತ್ತು ಜಿನೀವಾದ ನಿಯಮ

ಚಿನ್ನ, ರೇಷ್ಮೆ, ಹಾಲು ಈ ಮೂರರಿಂದ ಕೋಲಾರ ಜಿಲ್ಲೆ ಹೆಸರಾಗಿತ್ತು. 2001ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿದ ಬಳಿಕ ಉಳಿದದ್ದು ಎರಡೇ. ಶಾಶ್ವತ ನದಿಗಳಿಲ್ಲದೆ ಕೊಳವೆಬಾವಿಗಳನ್ನೇ ನಂಬಿದ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ರೈತರ ಸಂಸಾರ ಸಾಗಿಸುವಲ್ಲಿ ಇವುಗಳ ಪಾಲು ದೊಡ್ಡದು. ಇವುಗಳ ಬೆಲೆಯ ಹಿಂದೆ ಸ್ಥಳೀಯ ಮಾರುಕಟ್ಟೆಯ ಜೊತೆಗೆ ದೆಹಲಿ ಮತ್ತು ಜಿನೀವಾದ ತೀರ್ಮಾನಗಳೂ ಇರುತ್ತವೆ.

ನಿಯಮವೇನು?

ವಿಶ್ವ ವಾಣಿಜ್ಯ ಸಂಘಟನೆ 1995ರ ಜನವರಿ 1ರಂದು ಅಸ್ತಿತ್ವಕ್ಕೆ ಬಂದಿತು. ಭಾರತ ಅದರ ಸ್ಥಾಪಕ ಸದಸ್ಯ. ಸದಸ್ಯ ರಾಷ್ಟ್ರಗಳು ತಾವು ಒಪ್ಪಿದ ಸರಕುಗಳಿಗೆ ಆಮದು ಸುಂಕದ ಗರಿಷ್ಠ ಮಿತಿ ಹಾಕಿಕೊಳ್ಳುತ್ತವೆ. ಆ ಮಿತಿಯೊಳಗೆ ಸುಂಕ ಏರಿಸಲು, ಇಳಿಸಲು ಅವು ಸ್ವತಂತ್ರ. ಆದರೆ ಆಮದಿನ ಪ್ರಮಾಣಕ್ಕೇ ಕಡಿವಾಣ ಹಾಕುವುದಕ್ಕೆ ಸಾಮಾನ್ಯವಾಗಿ ಅವಕಾಶವಿಲ್ಲ. ವಿದೇಶಿ ವಿನಿಮಯದ ಕೊರತೆಯ ಕಾರಣ ನೀಡಿ ಭಾರತ ಹೇರಿದ್ದ ಇಂಥ ನಿರ್ಬಂಧಗಳನ್ನು ಅಮೆರಿಕ 1997ರಲ್ಲಿ ಪ್ರಶ್ನಿಸಿತು. 1999ರ ಆಗಸ್ಟ್‌ನಲ್ಲಿ ಮೇಲ್ಮನವಿ ಮಂಡಳಿಯಲ್ಲೂ ಭಾರತಕ್ಕೆ ಸೋಲಾಯಿತು. 2000ರ ಏಪ್ರಿಲ್‌ನಲ್ಲಿ 714, ಮರುವರ್ಷ 715 ಸರಕುಗಳ ಮೇಲಿನ ನಿರ್ಬಂಧ ತೆರವಾಯಿತು.

ರೇಷ್ಮೆಯ ಕಥೆ

ಚೀನಾದ ಅಗ್ಗದ ಕಚ್ಚಾ ರೇಷ್ಮೆ ಬಂದಾಗ ಸ್ಥಳೀಯ ನೂಲಿನ ಬೆಲೆ ಕುಸಿಯುತ್ತದೆ. ಆಗ ರೀಲರ್‌ಗಳು ಹರಾಜಿನಲ್ಲಿ ಗೂಡಿಗೆ ಕಡಿಮೆ ಬೆಲೆ ಕೂಗುತ್ತಾರೆ. ಅಂತಿಮ ಹೊಡೆತ ಬೀಳುವುದು ಹಿಪ್ಪುನೇರಳೆ ಬೆಳೆಗಾರನಿಗೆ. ಇದನ್ನು ತಡೆಯಲು 2003ರಲ್ಲಿ ಚೀನಾದ ರೇಷ್ಮೆಯ ಮೇಲೆ ಆ್ಯಂಟಿ ಡಂಪಿಂಗ್ ಸುಂಕ ವಿಧಿಸಲಾಯಿತು. ಇದು ಸಂಘಟನೆಯ ನಿಯಮಗಳೇ ಒದಗಿಸಿದ ಅಸ್ತ್ರ. ಇದಕ್ಕೆ ವ್ಯತಿರಿಕ್ತವಾಗಿ, 2011ರ ಬಜೆಟ್‌ನಲ್ಲಿ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದ್ದು ಕೇಂದ್ರ ಸರ್ಕಾರವೇ, ಜಿನೀವಾದ ಆದೇಶವಲ್ಲ. ಅಗ್ಗದ ನೂಲು ಬೇಕೆನ್ನುವ ನೇಕಾರರ ಹಿತವೂ ಬೆಳೆಗಾರರ ಹಿತವೂ ಇಲ್ಲಿ ಎದುರುಬದುರಾಗಿದ್ದವು. 2013ರಲ್ಲಿ ಸುಂಕ ಶೇ 15ಕ್ಕೆ ಏರಿತು. ನಡುವೆ ಶೇ 10ಕ್ಕೆ ಇಳಿದು, 2021ರಲ್ಲಿ ಮತ್ತೆ ಶೇ 15 ಆಯಿತು.

ಹಾಲಿನ ಪಾಠ

ಕೆನೆರಹಿತ ಹಾಲಿನ ಪುಡಿಗೆ ಶೂನ್ಯ ಸುಂಕವೆಂದು ಗ್ಯಾಟ್ ಕಾಲದಲ್ಲೇ ಭಾರತ ಒಪ್ಪಿಕೊಂಡಿತ್ತು. ಮರುಸಂಧಾನದ ಬಳಿಕ 2000ರಲ್ಲಿ ಈ ಮಿತಿಯನ್ನು ಶೇ 60ಕ್ಕೆ ಏರಿಸಿಕೊಂಡಿತು. ಪ್ರತಿಯಾಗಿ ವರ್ಷಕ್ಕೆ 10,000 ಟನ್ ಪುಡಿಯನ್ನು ಶೇ 15ರ ಸುಂಕದಲ್ಲಿ ಬಿಟ್ಟುಕೊಳ್ಳಲು ಸಮ್ಮತಿಸಬೇಕಾಯಿತು. ಒಮ್ಮೆ ಕೊಟ್ಟ ಮಾತನ್ನು ಹಿಂಪಡೆಯಬಹುದು, ಆದರೆ ಬೆಲೆ ತೆರಬೇಕು. ನ್ಯೂಜಿಲೆಂಡ್‌ನ ಹೈನು ಉತ್ಪನ್ನಗಳ ಭೀತಿಯೂ ಕಾರಣವಾಗಿ, 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ಆರ್‌ಸಿಇಪಿ ಒಪ್ಪಂದದಿಂದ ಹೊರಗುಳಿಯಿತು.

ರಾಜ್ಯದ ಮಾತು ಎಲ್ಲಿ?

ಸಂವಿಧಾನದ ಏಳನೇ ಅನುಸೂಚಿಯಂತೆ ಕೃಷಿ ರಾಜ್ಯದ ವಿಷಯ. ವಿದೇಶ ವ್ಯಾಪಾರ, ಆಮದು ಸುಂಕ, ಅಂತರರಾಷ್ಟ್ರೀಯ ಒಪ್ಪಂದಗಳು ಕೇಂದ್ರದ ವಿಷಯ. ಒಪ್ಪಂದ ಜಾರಿಗಾಗಿ ರಾಜ್ಯಪಟ್ಟಿಯ ವಿಷಯದಲ್ಲೂ ಶಾಸನ ಮಾಡಲು 253ನೇ ವಿಧಿ ಸಂಸತ್ತಿಗೆ ಅಧಿಕಾರ ನೀಡಿದೆ. ಹೀಗಾಗಿ ಬೆಳೆಯ ಹೊಣೆ ಬೆಂಗಳೂರಿನದು, ಬಾಗಿಲಿನ ಕೀಲಿಕೈ ದೆಹಲಿಯದು.

2019ರ ಡಿಸೆಂಬರ್‌ನಿಂದ ನ್ಯಾಯಮೂರ್ತಿಗಳ ನೇಮಕವಿಲ್ಲದೆ ಮೇಲ್ಮನವಿ ಮಂಡಳಿ ನಿಷ್ಕ್ರಿಯವಾಗಿದೆ. ಇದರಿಂದ ಸಾರ್ವಭೌಮತ್ವ ಮರಳಿತೆಂದು ಹಿಗ್ಗುವಂತಿಲ್ಲ. ನಿಯಮ ಸಡಿಲಗೊಂಡಾಗ ಮೇಲುಗೈಯಾಗುವುದು ಬಲಾಢ್ಯ ರಾಷ್ಟ್ರಗಳಿಗೆ. ನಾಲ್ಕೂ ತಾಲ್ಲೂಕುಗಳ ರೈತರಿಗೆ ಮುಖ್ಯವಾದದ್ದು, ಮಿತಿಯೊಳಗೆ ಉಳಿದಿರುವ ಸ್ವಾತಂತ್ರ್ಯವನ್ನು ನಮ್ಮದೇ ಸರ್ಕಾರ ಯಾರ ಹಿತಕ್ಕಾಗಿ ಬಳಸುತ್ತದೆ ಎಂಬುದು.