ಹನ್ನೆರಡು ಗಂಟೆಯ ಸಾಕ್ಷಿ: ತೆಂಗಿನ ಸೀಮೆಯಿಂದ ಕಂಡ ಪೊಟ್ಯಾಸಿಯಂ-42

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟಗಳಲ್ಲಿ ಕಾಲದ ಲೆಕ್ಕ ನಡೆಯುವುದು ತಿಂಗಳು, ವರ್ಷಗಳಲ್ಲಿ. ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯಲು ಹನ್ನೊಂದು-ಹನ್ನೆರಡು ತಿಂಗಳು ಬೇಕು. ಅಟ್ಟ ಸೇರಿದ ಕಾಯಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ಇನ್ನೊಂದು ವರ್ಷ. ಇಷ್ಟು ನಿಧಾನದ ಮರ ಮಣ್ಣಿನಿಂದ ಎಲ್ಲಕ್ಕಿಂತ ಹೆಚ್ಚಾಗಿ ಬೇಡುವ ಪೋಷಕಾಂಶ ಪೊಟ್ಯಾಸಿಯಂ. ಅರ್ಧಾಯುಷ್ಯ ಬರೀ 12.36 ಗಂಟೆಯಿರುವ ಪೊಟ್ಯಾಸಿಯಂ-42 ಈ ಮರದ ಬಗ್ಗೆ ಏನನ್ನಾದರೂ ತಿಳಿಸಬಲ್ಲುದೇ? ತಿಳಿಸಬಲ್ಲುದು, ಅದೂ ತನ್ನ ಅಲ್ಪಾಯುಷ್ಯದ ಬಲದಿಂದಲೇ ಎಂಬುದು ನನ್ನ ವಾದ.

ಮೊದಲು ತೋಟದಲ್ಲಿ ಈಗಾಗಲೇ ಇರುವ ವಿಕಿರಣದ ಮಾತು. ಪ್ರಕೃತಿಯ ಪೊಟ್ಯಾಸಿಯಂನಲ್ಲಿ ಶೇ. 93.26ರಷ್ಟು ಪೊಟ್ಯಾಸಿಯಂ-39, ಶೇ. 6.73ರಷ್ಟು 41, ಉಳಿದ ಶೇ. 0.0117 ಮಾತ್ರ ವಿಕಿರಣಶೀಲ 40. ಆದರೂ ಒಂದು ಗ್ರಾಂ ಪೊಟ್ಯಾಸಿಯಂನಲ್ಲಿ ಸೆಕೆಂಡಿಗೆ ಸುಮಾರು 31 ಕ್ಷಯಗಳು ನಡೆಯುತ್ತವೆ. ಫಲ ಕೊಡುವ ಮರವೊಂದಕ್ಕೆ ವರ್ಷಕ್ಕೆ ಶಿಫಾರಸು ಮಾಡುವ ಪೊಟ್ಯಾಷ್ ಗೊಬ್ಬರ 2 ಕಿಲೋ. ಅದರಲ್ಲಿ ಪೊಟ್ಯಾಸಿಯಂ ಸರಿಸುಮಾರು 1 ಕಿಲೋ, ಅಂದರೆ ಸೆಕೆಂಡಿಗೆ 31,000 ಕ್ಷಯ. ಎಳನೀರಿನಲ್ಲಿ ಲೀಟರಿಗೆ 2 ಗ್ರಾಂ ಎಂದಿಟ್ಟುಕೊಂಡರೆ, 300 ಮಿಲಿಲೀಟರಿನ ಬುರುಡೆಯಲ್ಲಿ 18 ಅಥವಾ 19. ಹೆದರುವಂಥದ್ದೇನಿಲ್ಲ, ಕುಡಿಯುವವರ ಮೈಯಲ್ಲೇ 4,000ಕ್ಕೂ ಹೆಚ್ಚು ನಡೆಯುತ್ತಿರುತ್ತವೆ.

ಎರಡು ನ್ಯೂಟ್ರಾನುಗಳಷ್ಟೇ ಅಂತರವಿರುವ 40 ಮತ್ತು 42 ಐಸೋಟೋಪುಗಳ ಆಯುಷ್ಯದಲ್ಲಿ ಎಂಥ ವ್ಯತ್ಯಾಸ! 40ರ ಅರ್ಧಾಯುಷ್ಯ ಸುಮಾರು 125 ಕೋಟಿ ವರ್ಷ. ಕಾರಣ ಪರಮಾಣು ಬೀಜದ ಸ್ಪಿನ್‌ನಲ್ಲಿದೆ. ಪೊಟ್ಯಾಸಿಯಂ-40ರ ಸ್ಪಿನ್ 4. ಅದು ಕ್ಯಾಲ್ಸಿಯಂ-40 ಆಗಬೇಕಾದರೆ ಸ್ಪಿನ್ ಸೊನ್ನೆಗೆ ಇಳಿಯಬೇಕು. ನಾಲ್ಕು ಮೆಟ್ಟಿಲನ್ನು ಒಂದೇ ಜಿಗಿತಕ್ಕೆ ಇಳಿದಂತೆ ಅದು, ಬಲು ಅಪರೂಪ. 42ರ ಸ್ಪಿನ್ 2. ಅದರ ಇಳಿತವೂ ಭೌತವಿಜ್ಞಾನದ ಪರಿಭಾಷೆಯಲ್ಲಿ 'ನಿಷಿದ್ಧ'ವೇ, ಆದರೆ ಮೊದಲ ದರ್ಜೆಯದು. ಜೊತೆಗೆ ಬಿಡುಗಡೆಯಾಗುವ ಶಕ್ತಿಯೂ ಹೆಚ್ಚು: 40ರ ಬೀಟಾ ಕ್ಷಯದಲ್ಲಿ 1.31 ಎಂಇವಿ, 42ರಲ್ಲಿ 3.53. ನೂರರಲ್ಲಿ ಸುಮಾರು 82 ಪರಮಾಣುಗಳು ಬೀಟಾ ಕಣವನ್ನು ಉಗುಳಿ ನೇರವಾಗಿ ಸ್ಥಿರ ಕ್ಯಾಲ್ಸಿಯಂ-42 ಆಗುತ್ತವೆ. ಉಳಿದವುಗಳಲ್ಲಿ ಬಹುತೇಕ ಮೊದಲು ಉದ್ರಿಕ್ತ ಸ್ಥಿತಿಗೆ ಬಂದು, 1,525 ಕೆಇವಿ ಗಾಮಾ ಕಿರಣ ಬಿಟ್ಟು ಶಾಂತವಾಗುತ್ತವೆ. ಬೀಟಾ ಕಣ ನೀರಿನಲ್ಲಿ ಎರಡು ಸೆಂಟಿಮೀಟರನ್ನೂ ದಾಟದು. ಗಾಮಾ ಮಾತ್ರ 12 ಸೆಂಟಿಮೀಟರ್ ನೀರು ದಾಟಿದ ಮೇಲೂ ಅರ್ಧದಷ್ಟು ಉಳಿದಿರುತ್ತದೆ. ಹಾಗಾಗಿ ತೆಂಗಿನ ಕಾಂಡದೊಳಗೆ ಏರುವ 42ನ್ನು ಹೊರಗಿನಿಂದಲೇ ಎಣಿಸಬಹುದು.

ಪೊಟ್ಯಾಸಿಯಂ-42ನ್ನು ತಯಾರಿಸುವ ಬಗೆ ಸರಳ. ರಿಯಾಕ್ಟರಿನಲ್ಲಿ ಪೊಟ್ಯಾಸಿಯಂ-41 ಒಂದು ನ್ಯೂಟ್ರಾನನ್ನು ನುಂಗಿದರೆ 42. ಕ್ಲೋರೈಡ್ ಲವಣವಾದರೆ ಕ್ಲೋರಿನ್ನೂ ವಿಕಿರಣಶೀಲವಾಗುತ್ತದೆ, ಆದ್ದರಿಂದ ಕಾರ್ಬೊನೇಟ್ ಮೇಲು. ತೆಂಗಿನ ಸಿಪ್ಪೆಯ ಬೂದಿಯನ್ನು ನೀರಲ್ಲಿ ಕದಡಿ ಬಸಿದರೆ ಬರುವುದರಲ್ಲೂ ಅದೇ ಲವಣವಿರುತ್ತದೆ! ಕಷ್ಟವಿರುವುದು ಸಾಗಣೆಯಲ್ಲಿ. ಮುಂಬೈಯ ಟ್ರಾಂಬೆಯ ರಿಯಾಕ್ಟರಿನಿಂದ ತಿಪಟೂರಿಗೆ ಒಂದು ದಿನ ಹಿಡಿದರೆ ಉಳಿಯುವುದು ಶೇ. 26; ಎರಡು ದಿನವಾದರೆ ಶೇ. 7ರೊಳಗೆ. ಒಂದು ವಾರದಲ್ಲಿ ಹತ್ತು ಸಾವಿರದಲ್ಲೊಂದು ಪಾಲೂ ಇರದು. ಈ ಅವಸರ ತಪ್ಪಿಸಲು ಸಸ್ಯವಿಜ್ಞಾನಿಗಳು 18.6 ದಿನಗಳ ರುಬಿಡಿಯಂ-86ನ್ನು ಪೊಟ್ಯಾಸಿಯಂನ ಬದಲಿಯಾಗಿ ಬಳಸಿದ್ದುಂಟು. ಆದರೆ ಬೇರು ಇವೆರಡನ್ನೂ ಒಂದೇ ಎಂದು ಯಾವಾಗಲೂ ನಂಬುವುದಿಲ್ಲ. ಶರೀರಕ್ರಿಯಾ ವಿಜ್ಞಾನಿಗಳಾದ ಹಾಡ್ಜ್‌ಕಿನ್ ಮತ್ತು ಕೀನ್ಸ್ ಕೂಡ 1955ರಲ್ಲಿ ಪ್ರಕಟಿಸಿದ ನರತಂತುವಿನ ಪ್ರಯೋಗಗಳಲ್ಲಿ ಪೊಟ್ಯಾಸಿಯಂ-42ನ್ನೇ ಬಳಸಿದ್ದರು.

ತೋಟದಲ್ಲಿ ಎದುರಾಗುವ ನಿಜವಾದ ತೊಡಕು ಬೇರೆ. ಮರದ ಸ್ವಂತ ಪೊಟ್ಯಾಸಿಯಂ-40 ಹೊಮ್ಮಿಸುವ ಗಾಮಾ 1,461 ಕೆಇವಿ. ನಾವು ಕೊಟ್ಟ 42ರದು 1,525. ಹೊಲಕ್ಕೆ ಒಯ್ಯಬಲ್ಲ ಸಾಮಾನ್ಯ ಸೋಡಿಯಂ ಅಯೊಡೈಡ್ ಶೋಧಕಕ್ಕೆ ಈ 64ರ ಅಂತರ ಚೆನ್ನಾಗಿ ಬಿಡಿಸಿ ಕಾಣದು, ಎರಡು ಶಿಖರಗಳೂ ಒಂದರೊಳಗೊಂದು ಬೆರೆಯುತ್ತವೆ. ಇಲ್ಲಿ ನೆರವಿಗೆ ಬರುವುದೇ ಅಲ್ಪಾಯುಷ್ಯ. ಬುಡದಿಂದ ಕೊಯ್ದ ಬೇರಿನ ತುಂಡೊಂದು ನಿಮಿಷಕ್ಕೆ 500 ಎಣಿಕೆ ಕೊಟ್ಟು, 24 ಗಂಟೆಯ ನಂತರ ಅದೇ ತುಂಡು 240 ಕೊಟ್ಟಿತು ಎಂದು ಊಹಿಸೋಣ. ಕಡಿಮೆಯಾದ 260 ಎಣಿಕೆ 42ರ ಶೇ. 74 ಭಾಗ, ಹಾಗಾದರೆ ಮೊದಲಿದ್ದ 42ರ ಪಾಲು ಸುಮಾರು 351. ಕದಲದೆ ನಿಂತ 149 ಮರ, ಮಣ್ಣುಗಳ ಹಳೆಯ ಪಾಲು. ದುಬಾರಿ ಜರ್ಮೇನಿಯಂ ಶೋಧಕ ಮಾಡುವ ಕೆಲಸವನ್ನು ಗಡಿಯಾರವೊಂದು ಮಾಡಿಕೊಟ್ಟಂತಾಯಿತು.

ಇದರಿಂದ ಕಾಯಿಯ ಇಳುವರಿ ತಿಳಿಯದು. ಹೊಂಬಾಳೆಯ ಮೊದಲ ಕುರುಹು ಸುಳಿಯೊಳಗೆ ಮೂಡುವುದೇ ಅದು ಒಡೆಯುವ ಎರಡೂವರೆ ವರ್ಷ ಮುಂಚೆ. ಆದರೆ ಮಳೆ ಬಿದ್ದ ಮರುದಿನ, ಕೆಂಪು ಮರಳುಮಿಶ್ರಿತ ಮಣ್ಣಿನ ಪಾತಿಯಲ್ಲಿ ಬುಡದಿಂದ ಒಂದು ಮೀಟರ್ ದೂರಕ್ಕೆ ಹಾಕಿದ ಪೊಟ್ಯಾಷನ್ನು ಬೇರು ಎಷ್ಟು ಎಳೆದುಕೊಂಡಿತು, ಎರಡು ಮೀಟರ್ ದೂರದ್ದನ್ನು ಎಷ್ಟು ಎಂಬುದು ಗಂಟೆಗಳ ಲೆಕ್ಕದ ಪ್ರಶ್ನೆ. ಇಂಥ ಪ್ರಶ್ನೆಗೆ 12 ಗಂಟೆಯ ಐಸೋಟೋಪ್ ಸಾಕು.

ಕೊನೆಯದಾಗಿ, ಕ್ಷಯದ ನಂತರದ ಮಾತು. ಪೊಟ್ಯಾಷ್ ಸಾಲದ ಮರದಲ್ಲಿ ಮೊದಲು ಹಳದಿಯಾಗುವುದು ಕೆಳಗಿನ ಹಳೆಯ ಗರಿಗಳು. ಇದ್ದ ಪೊಟ್ಯಾಸಿಯಂ ಅಲ್ಲಿಂದ ಎಳೆಯ ಗರಿಗಳತ್ತ ಹೊರಟುಬಿಡುತ್ತದೆ. ಕ್ಯಾಲ್ಸಿಯಂ ಹಾಗೆ ಹೊರಡುವುದಿಲ್ಲ. ಹಳೆಯ ಗರಿಯಲ್ಲಿದ್ದಾಗಲೇ ಕ್ಷಯಿಸಿ ಕ್ಯಾಲ್ಸಿಯಂ-42 ಆದ ಪರಮಾಣು, ಆ ಗರಿ ಒಣಗಿ ಉದುರುವವರೆಗೂ ಬಹುಪಾಲು ಅಲ್ಲೇ ಉಳಿಯುತ್ತದೆ.