17 ಸ್ಥಾನಗಳ ಲೆಕ್ಕ: ಸ್ಯಾನ್ ಫ್ರಾನ್ಸಿಸ್ಕೊ ಯುವ ಆಯೋಗದ ಸದಸ್ಯತ್ವವನ್ನು ಕುರಿತು ಒಂದು ತಕರಾರು

ಸ್ಯಾನ್ ಫ್ರಾನ್ಸಿಸ್ಕೊ ನಗರಾಡಳಿತಕ್ಕೆ ಸಲಹೆ ಕೊಡುವ ಯುವ ಆಯೋಗದಲ್ಲಿ 17 ಸ್ಥಾನಗಳಿವೆ. ಅವುಗಳಲ್ಲಿ 11 ‘ಜಿಲ್ಲಾ ಸ್ಥಾನ’ಗಳು, ಮಿಕ್ಕ 6 ಮೇಯರ್ ಪಾಲಿನವು ಎಂಬ ವಿವರಣೆ ಎಷ್ಟು ರೂಢಿಯಾಗಿದೆಯೆಂದರೆ ಅದನ್ನು ಒರೆಗೆ ಹಚ್ಚುವುದೇ ಅನಗತ್ಯ ಅನ್ನಿಸಿಬಿಟ್ಟಿದೆ. ಆಯೋಗದ ಹುಡುಗ ಹುಡುಗಿಯರನ್ನು ಕರೆಯುವುದೂ ‘ಐದನೇ ಜಿಲ್ಲೆಯವರು’, ‘ಹತ್ತನೇ ಜಿಲ್ಲೆಯವರು’ ಎಂದೇ. (ಇಲ್ಲಿ ಜಿಲ್ಲೆ ಎಂದರೆ ನಗರದೊಳಗಿನ ಚುನಾವಣಾ ಕ್ಷೇತ್ರ; ನಮ್ಮ ವಾರ್ಡಿಗಿಂತ ಬಹಳ ದೊಡ್ಡದು.) ಸದಸ್ಯರ ಸಂಖ್ಯೆಯನ್ನು ಹೆಚ್ಚಿಸಬೇಕೆಂದು ವಾದಿಸುವವರು ಈ ವಿವರಣೆಯನ್ನೇ ತಳಪಾಯ ಮಾಡಿಕೊಳ್ಳುತ್ತಾರೆ: ಒಂದೊಂದು ಬಡಾವಣೆಗೂ ಒಬ್ಬ ಪ್ರತಿನಿಧಿ ಎಂಬುದು ಮೂಲ ಆಶಯವಾಗಿತ್ತು, ಈಗ ಒಬ್ಬರು ಸಾಲದು, ಇಬ್ಬರಿರಲಿ. ಬೇಡಿಕೆಯ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಆ ‘ಮೂಲ ಆಶಯ’ದ ಬಗ್ಗೆ. ಅಂಥದೊಂದು ಆಶಯ ಆಯೋಗ ಹುಟ್ಟಿದ 1995ರಲ್ಲಿ ಇರುವುದು ಸಾಧ್ಯವೇ ಇರಲಿಲ್ಲ ಎಂಬುದು ಈ ಲೇಖನದ ವಾದ.

ಆಧಾರ ಒಂದೇ: ನಗರಾಡಳಿತದ ಮೂಲ ಕಾನೂನಾದ ಚಾರ್ಟರಿನ 4.123ನೇ ವಿಧಿ. ನವೆಂಬರ್ 1995ರಲ್ಲಿ ಮತದಾರರು ಒಪ್ಪಿದ ತಿದ್ದುಪಡಿಯ ಭಾಗವಿದು. ಅದರ ಮೊದಲ ಉಪವಿಧಿ ಹೇಳುವುದಿಷ್ಟು. ಆಯೋಗದಲ್ಲಿ ಮತದಾನದ ಹಕ್ಕುಳ್ಳ 17 ಸದಸ್ಯರಿರಬೇಕು. ನೇಮಕದ ಹೊತ್ತಿಗೆ ಅವರ ವಯಸ್ಸು 12ರಿಂದ 23ರೊಳಗಿರಬೇಕು. ಸೂಪರ್‌ವೈಸರ್‌ಗಳ ಮಂಡಳಿಯ (ನಗರದ ಶಾಸನಸಭೆ) ಪ್ರತಿ ಸದಸ್ಯರೂ ಮೇಯರೂ ತಲಾ ಒಬ್ಬರನ್ನು ನೇಮಿಸಬೇಕು. ಇದಲ್ಲದೆ, ಸಾಕಷ್ಟು ಪ್ರಾತಿನಿಧ್ಯ ಸಿಗದ ಸಮುದಾಯಗಳಿಂದ ಮೇಯರ್ ಇನ್ನೂ ಐವರನ್ನು ನೇಮಿಸಬೇಕು. ಎಲ್ಲರೂ ತಮ್ಮನ್ನು ನೇಮಿಸಿದವರ ಇಚ್ಛೆ ಇರುವತನಕ ಮಾತ್ರ ಸ್ಥಾನದಲ್ಲಿರುತ್ತಾರೆ. ವಾಸದ ವಿಷಯಕ್ಕೆ ಇರುವ ಷರತ್ತು ಒಂದೇ, ನಗರದ ನಿವಾಸಿಗಳಾಗಿರಬೇಕು. ಸೂಪರ್‌ವೈಸರ್ ತಮ್ಮ ಕ್ಷೇತ್ರದವರನ್ನೇ ನೇಮಿಸಬೇಕೆಂಬ ಮಾತು ಇಲ್ಲಿಲ್ಲ. ಮಿಷನ್ ಭಾಗದ ಸೂಪರ್‌ವೈಸರ್ ಸನ್‌ಸೆಟ್ ಭಾಗದ ಹುಡುಗಿಯನ್ನು ನೇಮಿಸಿದರೆ ಈ ವಿಧಿಗೆ ಏನೂ ಭಂಗವಿಲ್ಲ.

‘ಅದನ್ನು ಬರೆಯದೆಯೂ ಎಲ್ಲರಿಗೂ ಗೊತ್ತಿತ್ತು’ ಎಂದು ಹೇಳಿ ಪಾರಾಗಲು ನೋಡುವವರು ಇಸವಿಯನ್ನು ಗಮನಿಸಬೇಕು. 1995ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸೂಪರ್‌ವೈಸರ್‌ಗಳಿಗೆ ಕ್ಷೇತ್ರಗಳೇ ಇರಲಿಲ್ಲ. 1976ರಲ್ಲಿ ಮತದಾರರು ಜಿಲ್ಲಾವಾರು ಚುನಾವಣೆಯನ್ನು ತಂದರು. 1977ರಲ್ಲಿ ಹಾರ್ವಿ ಮಿಲ್ಕ್ ಸೂಪರ್‌ವೈಸರ್ ಆಗಿ ಆಯ್ಕೆಯಾದದ್ದು ಆ ಪದ್ಧತಿಯಲ್ಲೇ. ನವೆಂಬರ್ 1978ರಲ್ಲಿ ಮಿಲ್ಕ್ ಮತ್ತು ಮೇಯರ್ ಜಾರ್ಜ್ ಮಸ್ಕೋನಿ ಹತ್ಯೆಯಾದರು. 1980ರ ಆಗಸ್ಟಿನ ವಿಶೇಷ ಚುನಾವಣೆಯಲ್ಲಿ ಜಿಲ್ಲಾ ಪದ್ಧತಿಯನ್ನು ರದ್ದು ಮಾಡಲಾಯಿತು. ಅಲ್ಲಿಂದ 2000ದ ತನಕ 11 ಸೂಪರ್‌ವೈಸರ್‌ಗಳನ್ನೂ ಇಡೀ ನಗರದ ಮತದಾರರೇ ಆರಿಸುತ್ತಿದ್ದರು. ಹಾಗಿರುವಾಗ ಯುವ ಆಯೋಗದ 11 ಸ್ಥಾನಗಳು ಯಾವ ಜಿಲ್ಲೆಗಳನ್ನು ಪ್ರತಿನಿಧಿಸಬೇಕಿತ್ತು? 1995ರ ಮತದಾರ ಆ ವಿಧಿಯನ್ನು ಓದಿದಾಗ ಕಂಡದ್ದು 11 ಬಡಾವಣೆಗಳನ್ನಲ್ಲ, 11 ರಾಜಕಾರಣಿಗಳನ್ನು.

ಇದಕ್ಕೆ ಬರಬಹುದಾದ ಗಟ್ಟಿ ಆಕ್ಷೇಪವೊಂದಿದೆ. ನಗರವ್ಯಾಪಿ ಚುನಾವಣೆಗೆ ಪರ್ಯಾಯ ಹುಡುಕಲು 1994ರಲ್ಲೇ ಮತದಾರರು ಒಂದು ಕಾರ್ಯಪಡೆಯನ್ನು ರಚಿಸಿದ್ದರು. ಅಂದರೆ 1995ರ ಕರಡುಗಾರರಿಗೆ ಜಿಲ್ಲೆಗಳು ಮರಳುವ ಸುಳಿವಿತ್ತು, ಅದನ್ನು ಮನಸ್ಸಿನಲ್ಲಿಟ್ಟೇ ‘ಪ್ರತಿ ಸೂಪರ್‌ವೈಸರ್‌ಗೆ ಒಬ್ಬ’ ಎಂದು ಬರೆದರು ಎನ್ನಬಹುದು. ಚತುರ ವಾದವೇ ಸರಿ. ಆದರೆ 1996ರ ನವೆಂಬರಿನಲ್ಲಿ ಮತದಾರರ ಮುಂದೆ ಬಂದ ಪ್ರಸ್ತಾಪ ಒಂದಲ್ಲ, ಎರಡು. ಒಂದು, ಜಿಲ್ಲಾವಾರು ಚುನಾವಣೆ. ಇನ್ನೊಂದು, ಇಡೀ ನಗರವನ್ನು ಒಂದೇ ಕ್ಷೇತ್ರವಾಗಿ ಉಳಿಸಿಕೊಂಡು ಪ್ರಾಶಸ್ತ್ಯದ ಮತಗಳ ಮೂಲಕ ಅನುಪಾತದ ಪ್ರಾತಿನಿಧ್ಯ ಕೊಡುವ ಪದ್ಧತಿ. ಮೊದಲನೆಯದು ಗೆದ್ದಿತು, ಎರಡನೆಯದು ಸೋತಿತು, ಹೊಸ ಪದ್ಧತಿಯ ಮೊದಲ ಚುನಾವಣೆ 2000ದಲ್ಲಿ ನಡೆಯಿತು. ಫಲಿತಾಂಶ ಉಲ್ಟಾ ಆಗಿದ್ದರೆ ಇಂದಿಗೂ ಅಲ್ಲಿ ಜಿಲ್ಲೆಗಳಿರುತ್ತಿರಲಿಲ್ಲ, ಯುವ ಆಯೋಗದ 17 ಸ್ಥಾನಗಳು ಮಾತ್ರ ಹಾಗೆಯೇ ಇರುತ್ತಿದ್ದವು. ಎರಡು ದಾರಿಗಳೂ ತೆರೆದಿದ್ದ ಹೊತ್ತಿನಲ್ಲಿ ಬರೆದ ವಿಧಿಗೆ ಅವುಗಳಲ್ಲಿ ಒಂದರ ಆಶಯವನ್ನು ಮಾತ್ರ ಆರೋಪಿಸುವುದು ಇತಿಹಾಸವನ್ನು ಹಿಂದುಮುಂದಾಗಿ ಓದಿದಂತೆ. ತಮ್ಮ ಕಾಲದ ರೂಢಿಯನ್ನು ಹಳೆಯ ದಾಖಲೆಯೊಳಗೆ ತುರುಕುವ ಈ ಚಾಳಿ ಶಾಸನಗಳನ್ನು ಓದುವವರಿಗೆ ಪರಿಚಿತವಾದದ್ದು. ನಗರಾಡಳಿತದ ದಾಖಲೆಗಳಿಗೆ ಅಂಥ ಎಚ್ಚರ ಬೇಡವೆಂದು ಯಾಕೆ ಭಾವಿಸುತ್ತಾರೋ ಕಾಣೆ.

ರೂಢಿಗೂ ಕಾನೂನಿನ ಬಲವಿಲ್ಲವೇ ಎಂದು ಕೇಳುವವರಿದ್ದಾರೆ. 2000ದ ನಂತರ ಸೂಪರ್‌ವೈಸರ್‌ಗಳಿಗೆ ತಮ್ಮ ಕ್ಷೇತ್ರದ ಮಕ್ಕಳನ್ನೇ ನೇಮಿಸುವುದು ಅನುಕೂಲವಾಯಿತು. ಅದು ಸಹಜ ರಾಜಕಾರಣ, ತಪ್ಪೇನಿಲ್ಲ. ಆದರೆ 2022ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಏನಾಯಿತೆಂದು ನೋಡಿ. ಬಡಕುಟುಂಬಗಳ ಮಕ್ಕಳು ದಟ್ಟವಾಗಿರುವ ಟೆಂಡರ್‌ಲಾಯ್ನ್ ಪ್ರದೇಶವನ್ನು ಆರನೇ ಜಿಲ್ಲೆಯಿಂದ ತೆಗೆದು ಐದನೆಯದಕ್ಕೆ ಸೇರಿಸಿದರು. ಅದು ದೊಡ್ಡ ಗದ್ದಲವಾಯಿತು. ಯುವ ಆಯೋಗದ ಸ್ಥಾನಗಳು ನಿಜಕ್ಕೂ ಜಿಲ್ಲಾ ಸ್ಥಾನಗಳಾಗಿದ್ದಿದ್ದರೆ ಗಡಿ ಬದಲಾದಂದೇ ಯಾರ ಸದಸ್ಯತ್ವ ಉಳಿಯಿತು, ಯಾರದು ಹೋಯಿತು ಎಂಬ ಪ್ರಶ್ನೆ ಏಳಬೇಕಿತ್ತು. ಚಾರ್ಟರಿನ ಪ್ರಕಾರ ಅಂಥ ಪ್ರಶ್ನೆ ಏಳುವಂತೆಯೇ ಇಲ್ಲ. ಸದಸ್ಯ ಬಾಳುವುದು ನೇಮಿಸಿದವರ ಇಚ್ಛೆಯ ಮೇಲೆ, ನಕ್ಷೆಯ ಗೆರೆಯ ಮೇಲಲ್ಲ.

ಹಾಗಾದರೆ ಪ್ರಾತಿನಿಧ್ಯದ ಚಿಂತೆ ಆ ವಿಧಿಯಲ್ಲಿ ಎಲ್ಲಿದೆ? ಜನಾಂಗ, ಲಿಂಗ, ಲೈಂಗಿಕ ಒಲವುಗಳ ವೈವಿಧ್ಯವನ್ನು ಸದಸ್ಯರು ಪ್ರತಿನಿಧಿಸಬೇಕೆಂಬ ಸಾಮಾನ್ಯ ಮಾತೊಂದು ಇದೆ. ಆದರೆ ಅದನ್ನು ಸಾಧಿಸಲು ಒದಗಿಸಿದ ಉಪಾಯವೆಂದರೆ ಮೇಯರ್ ನೇಮಿಸುವ ಆ ಐದು ಸ್ಥಾನಗಳೇ. 12 ಸ್ಥಾನಗಳು ನೇಮಕ ಮಾಡುವವರ ತಲೆಯೆಣಿಕೆ: 11 ಸೂಪರ್‌ವೈಸರ್‌ಗಳು, ಒಬ್ಬ ಮೇಯರ್. ಆ ಎಣಿಕೆಯಲ್ಲಿ ತಪ್ಪಿಹೋಗುವವರಿಗಾಗಿ ಐದು. (12 ಸಮಸಂಖ್ಯೆ, ಐದು ಸೇರಿದಾಗ ಬೆಸಸಂಖ್ಯೆಯಾಗಿ ಮತ ಸಮಬಲವಾಗುವುದು ತಪ್ಪುತ್ತದೆ ಎಂಬುದು ನನ್ನ ಊಹೆ ಮಾತ್ರ, ಅದರ ಮೇಲೆ ವಾದ ಕಟ್ಟುತ್ತಿಲ್ಲ.) ಯುವಜನರನ್ನು ಯುವಜನರಾಗಿ, ಅವರ ಸ್ಥಿತಿಗತಿಯನ್ನು ನೋಡಿ ಎಣಿಸಿದ ಜಾಗ 17ರಲ್ಲಿ ಈ ಐದು ಮಾತ್ರ. ವಿವರಣೆಗಳಲ್ಲಿ ‘ಮೇಯರ್ ಪಾಲಿನ ಉಳಿದವು’ ಎಂದು ಬಾಲದಲ್ಲಿ ಬರುವುದೂ ಇವೇ.

ಸಂಖ್ಯೆ ಹೆಚ್ಚಿಸುವ ಪ್ರಶ್ನೆ ಇಲ್ಲಿಗೆ ಬಂದಾಗ ಬೇರೆಯಾಗಿ ಕಾಣುತ್ತದೆ. ಪ್ರತಿ ಸೂಪರ್‌ವೈಸರ್‌ಗೆ ಇನ್ನೊಂದು ಸ್ಥಾನ ಕೊಟ್ಟರೆ ಒಟ್ಟು 28 ಆಗುತ್ತದೆ. ಸೂಪರ್‌ವೈಸರ್‌ಗಳ ಕಡೆಯವರು 22, ಮೇಯರ್ ಕಡೆಯವರು 6. ಪ್ರಾತಿನಿಧ್ಯ ಸಿಗದವರಿಗಾಗಿ ಇರುವ ಐದು ಸ್ಥಾನಗಳ ತೂಕ ಈಗಿನ ಶೇ 29ರಿಂದ 18ಕ್ಕೆ ಇಳಿಯುತ್ತದೆ. ಬದಲಿಗೆ ಆ ಐದನ್ನು ಹತ್ತು ಮಾಡಿದರೆ ಒಟ್ಟು 22, ಅದರಲ್ಲಿ ಮೇಯರ್ ನೇಮಿಸಿದವರು 11, ಸರಿಯಾಗಿ ಅರ್ಧ. ಮಂಡಳಿ ಇದಕ್ಕೆ ಸುಮ್ಮನೆ ಒಪ್ಪೀತೆ? ಸ್ಥಾನ ಹೆಚ್ಚಿಸುವುದೆಂದರೆ ಯುವಜನರನ್ನು ಹೆಚ್ಚಿಸುವುದು ಎಂದು ಭಾವಿಸುವವರು ಮರೆಯುವುದು ಇದನ್ನೇ. ಈ ಆಯೋಗದಲ್ಲಿ ಪ್ರತಿಯೊಂದು ಕುರ್ಚಿಯ ಹಿಂದೆಯೂ ಒಬ್ಬ ದೊಡ್ಡವರ ಕೈಯಿದೆ.

ಯುವ ಪಾಲ್ಗೊಳ್ಳುವಿಕೆಯ ಬಗ್ಗೆ ಕಾರ್ಯಾಗಾರಗಳಿಗಾಗಿ ಬರೆಯುವವರಿಗೆ ಇದು ಕಾಣದಿರಲು ಒಂದು ಕಾರಣ ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಪ್ರಬಂಧದಲ್ಲಿರುವ, ಮಕ್ಕಳ ಪಾಲ್ಗೊಳ್ಳುವಿಕೆಯನ್ನು ಅಳೆಯುವ ಎಂಟು ಮೆಟ್ಟಿಲುಗಳ ಏಣಿ. (ಶೆರ್ರಿ ಆರ್ನ್‌ಸ್ಟೀನ್ 1969ರಲ್ಲಿ ಕೊಟ್ಟ ನಾಗರಿಕ ಪಾಲ್ಗೊಳ್ಳುವಿಕೆಯ ಏಣಿಯ ಮಕ್ಕಳ ಆವೃತ್ತಿ ಅದು.) ಯಾವ ಸಂಸ್ಥೆ ಸಿಕ್ಕರೂ ಅದನ್ನು ಏಣಿಯ ಮೇಲೆ ಕೂರಿಸಿ ‘ಇದು ಬರೀ ತೋರಿಕೆ’, ‘ಇದು ನಿಜವಾದ ಪಾಲುದಾರಿಕೆ’ ಎಂದು ಅಂಕ ಕೊಟ್ಟುಬಿಡುತ್ತಾರೆ. ಏಣಿಯನ್ನು ಹೀಗೆ ಅತಿಯಾಗಿ ಬಳಸುವುದರ ಬಗ್ಗೆ ಹಾರ್ಟ್ ಅವರೇ 2008ರಲ್ಲಿ ಎಚ್ಚರಿಸಿದರೂ ಅಂಕ ಹಾಕುವವರು ನಿಲ್ಲಿಸಿಲ್ಲ. ಇನ್ನು ಕೆಲವರು ಆಯೋಗವನ್ನು 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯ ಕೂಸೆಂದು ಪರಿಚಯಿಸುತ್ತಾರೆ. ಅಮೆರಿಕ ಆ ಒಡಂಬಡಿಕೆಗೆ ಫೆಬ್ರವರಿ 1995ರಲ್ಲಿ ಸಹಿ ಹಾಕಿತೇ ಹೊರತು ಇಂದಿಗೂ ಅದನ್ನು ಅಂಗೀಕರಿಸಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಂಶಾವಳಿ ಹುಡುಕುವವರು ಜಿನೀವಾಕ್ಕೆ ಹೋಗಬೇಕಿಲ್ಲ. 1991ರಲ್ಲಿ ಕೋಲ್‌ಮನ್ ಅಡ್ವೊಕೇಟ್ಸ್ ಸಂಸ್ಥೆ ಮುಂದೆ ನಿಂತು ಗೆಲ್ಲಿಸಿದ ಮಕ್ಕಳ ತಿದ್ದುಪಡಿ ಪಕ್ಕದಲ್ಲೇ ಇದೆ. ಪ್ರತಿ 100 ಡಾಲರ್ ಆಸ್ತಿ ಮೌಲ್ಯದ ಮೇಲಿನ ತೆರಿಗೆಯಲ್ಲಿ 2.5 ಸೆಂಟ್ ಮಕ್ಕಳ ನಿಧಿಗೆ ಎಂದು ಅದು ಚಾರ್ಟರಿನಲ್ಲೇ ಬರೆಸಿತು. ಹಕ್ಕಿನ ಘೋಷಣೆಗಿಂತ ಚಾರ್ಟರಿನ ಸಾಲು ಗಟ್ಟಿ ಎಂಬ ಆ ಪಾಠವೇ ನಾಲ್ಕು ವರ್ಷದ ಮೇಲೆ ಯುವ ಆಯೋಗವನ್ನೂ ಚಾರ್ಟರಿನೊಳಗೆ ತಂದಿತು ಎಂದು ನನ್ನ ಓದು.

ಆ ಗಟ್ಟಿತನ ನಿಜವಾಗಿ ಇರುವುದು ಸದಸ್ಯರ ಸಂಖ್ಯೆಯಲ್ಲಲ್ಲ, 4.124ನೇ ವಿಧಿಯಲ್ಲಿ. ಮಕ್ಕಳು ಮತ್ತು ಯುವಜನರಿಗೆ ಮುಖ್ಯವಾಗಿ ಸಂಬಂಧಿಸಿದ ಯಾವುದೇ ವಿಷಯದಲ್ಲಿ ಮಂಡಳಿ ಅಂತಿಮ ಕ್ರಮ ಕೈಗೊಳ್ಳುವ ಮೊದಲು ಅದನ್ನು ಆಯೋಗಕ್ಕೆ ಕಳಿಸಬೇಕು. ಆಯೋಗಕ್ಕೆ 12 ದಿನದ ಅವಕಾಶ. ಉತ್ತರ ಬಾರದಿದ್ದರೆ ಮಂಡಳಿ ಮುಂದುವರಿಯಬಹುದು. ತುರ್ತಿದ್ದರೆ ಕಳಿಸದೆಯೂ ಇರಬಹುದು. ಈಗ 4.123ಕ್ಕೆ ಮರಳಿ ನೋಡಿ, ಆಯೋಗ ತಿಂಗಳಿಗೆ ಕನಿಷ್ಠ ಒಂದು ಸಭೆ ಸೇರಬೇಕು ಎನ್ನುತ್ತದೆ. ತಿಂಗಳಿಗೊಂದೇ ಸಭೆಯಾದರೆ 12 ದಿನದ ಗಡುವು ಬಹಳಷ್ಟು ಸಲ ಸುಮ್ಮನೆ ಕಳೆದುಹೋಗುತ್ತದೆ. ಆಯೋಗ ತಿಂಗಳಲ್ಲಿ ಎರಡು ಸೋಮವಾರ ಸಭೆ ಸೇರುವ ಪದ್ಧತಿ ಇಟ್ಟುಕೊಂಡಿರುವುದಕ್ಕೆ ಈ ಲೆಕ್ಕಾಚಾರವೇ ಸಾಕಷ್ಟು ಕಾರಣ. ಸಭೆಗೆ ಕೋರಂ ಬೇಕು, 17ಕ್ಕೆ 9. ಸ್ಥಾನಗಳು 28 ಆದರೆ 15. ಶಾಲೆ, ಪರೀಕ್ಷೆ, ಸಂಜೆಯ ಕೆಲಸಗಳ ನಡುವೆ ಬರುವ, ಸಂಬಳವಿಲ್ಲದ, ಒಂದು ವರ್ಷದ ಅವಧಿಯ ಸದಸ್ಯರಲ್ಲಿ 15 ಮಂದಿಯನ್ನು ತಿಂಗಳಿಗೆರಡು ಸಲ ಸೇರಿಸುವುದು 9 ಮಂದಿಯನ್ನು ಸೇರಿಸಿದಷ್ಟು ಸುಲಭವಲ್ಲ. ಕೋರಂ ತಪ್ಪಿದ ಒಂದೊಂದು ಸಭೆಯೂ ಆಯೋಗದ ಕೈಲಿರುವ ಏಕೈಕ ಹತೋಟಿಯನ್ನು ಸಡಿಲಿಸುತ್ತದೆ. ವಿಸ್ತರಣೆಯನ್ನು ಬೆಂಬಲಿಸುವ ಬರಹಗಳು ಈ ಎರಡು ವಿಧಿಗಳನ್ನು ಒಟ್ಟಿಗೆ ಓದಿದ್ದರೆ ಇಷ್ಟು ನಿರಾಳವಾಗಿ ಇರುತ್ತಿರಲಿಲ್ಲ.

ಕನ್ನಡದಲ್ಲಿ ಈ ವಿಷಯ ಎತ್ತಿದಾಗ ಕುಂದಾಪುರದ ಮಕ್ಕಳ ಪಂಚಾಯಿತಿಗಳ ಹೋಲಿಕೆ ತಾನಾಗಿ ಬರುತ್ತದೆ. ಅವೂ 1990ರ ದಶಕದವೇ, ದುಡಿಯುವ ಮಕ್ಕಳ ಸಂಘಟನೆಯಾದ ಭೀಮಸಂಘ ಮತ್ತು ‘ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ (ಸಿಡಬ್ಲ್ಯುಸಿ) ಸಂಸ್ಥೆಯ ಕೆಲಸದಿಂದ ಬೆಳೆದವು. ಹೋಲಿಕೆ ಅರ್ಧದಷ್ಟು ಮಾತ್ರ ಸಲ್ಲುತ್ತದೆ. ಅಲ್ಲಿ ಮಕ್ಕಳನ್ನು ಮಕ್ಕಳೇ ಆರಿಸುತ್ತಿದ್ದರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆರಿಸುವವರು ದೊಡ್ಡವರು. ಪಂಚಾಯಿತಿಯ ಸದಸ್ಯರನ್ನು ಹೆಚ್ಚಿಸಿದರೆ ಹೆಚ್ಚು ಮಕ್ಕಳ ಆಯ್ಕೆ ಆದಂತೆ. ಅದೇ ತರ್ಕವನ್ನು ಎತ್ತಿ ಇಲ್ಲಿಗೆ ತಂದರೆ ಕೂರುವುದಿಲ್ಲ.

ಕೊನೆಯ ತೊಡಕು ಇದು. 17 ಎಂಬ ಸಂಖ್ಯೆ ಇರುವುದು ಸಾಧಾರಣ ಕಾಯಿದೆಯಲ್ಲಲ್ಲ, ಚಾರ್ಟರಿನಲ್ಲಿ. ಅದನ್ನು ಬದಲಿಸಲು ಮಂಡಳಿಯ ಬಹುಮತವಾಗಲಿ ಮತದಾರರ ಸಹಿಸಂಗ್ರಹವಾಗಲಿ ಸಾಕಾಗುವುದಿಲ್ಲ. ಅವೆರಡೂ ಪ್ರಸ್ತಾಪವನ್ನು ಬ್ಯಾಲಟ್ಟಿಗೆ ತರುವ ದಾರಿಗಳು ಮಾತ್ರ, ನಿರ್ಧಾರ ಮತದಾರರದು. ಆಯೋಗ ಹಟಹಿಡಿದು ಬೆಂಬಲಿಸಿದ 16 ವರ್ಷದವರ ಸ್ಥಳೀಯ ಮತದಾನದ ಪ್ರಸ್ತಾಪ 2016ರಲ್ಲಿ ಸುಮಾರು ಶೇ 48, 2020ರಲ್ಲಿ ಶೇ 49 ಮತ ಪಡೆದು ಎರಡು ಸಲವೂ ಸೋತಿತು. ಹೀಗಾಗಿ 12ರಿಂದ 17ರ ವಯಸ್ಸಿನ ಆಯೋಗದ ಸದಸ್ಯರು ತಮ್ಮದೇ ಆಯೋಗದ ರಚನೆಯ ಬಗ್ಗೆ ಮತ ಹಾಕುವಂತಿಲ್ಲ. 2024ರ ನವೆಂಬರಿನಲ್ಲಿ ಮತದಾರರು ನಗರದ ಆಯೋಗಗಳನ್ನು ಕಡಿಮೆ ಮಾಡುವ, ಒಗ್ಗೂಡಿಸುವ ದಾರಿಗಳನ್ನು ಸೂಚಿಸಲು ಐವರ ಕಾರ್ಯಪಡೆಯನ್ನು ರಚಿಸಿದರು. ಇಂಥ ಗಾಳಿಯಲ್ಲಿ ‘ಇನ್ನೂ 11 ಸ್ಥಾನ’ ಎಂದು ಕೇಳಿ ಬ್ಯಾಲಟ್ಟಿಗೆ ಹೋಗುವುದಾದರೆ ಕೇಳುವ ಕಾರಣವಾದರೂ ದಾಖಲೆಯಲ್ಲಿ ನಿಲ್ಲುವಂತಿರಬೇಕು.

ನಿಲ್ಲುವ ಕಾರಣ ಇಲ್ಲದಿಲ್ಲ. 2014ರಲ್ಲಿ ಮಕ್ಕಳ ನಿಧಿಯನ್ನು ನವೀಕರಿಸಿದಾಗ ಅದರ ವ್ಯಾಪ್ತಿಗೆ 18ರಿಂದ 24 ವರ್ಷದ, ನೆಲೆ ತಪ್ಪಿದ ಯುವಜನರನ್ನೂ ಸೇರಿಸಿದರು. ಸಾಕುಪೋಷಣೆಯಿಂದ ಹೊರಬಿದ್ದವರು, ಮನೆಯಿಲ್ಲದವರು ಈ ಗುಂಪಿನಲ್ಲಿ ಬರುತ್ತಾರೆ. ಆಯೋಗದ ಮಿತಿ ಮಾತ್ರ 23ರಲ್ಲೇ ನಿಂತಿದೆ. ನಗರ ತೆರಿಗೆ ಹಣ ಖರ್ಚು ಮಾಡುವಾಗ ಯುವಕನೆಂದು ಒಪ್ಪುವ 24ರವನನ್ನು ಆ ಹಣದ ಬಗ್ಗೆ ಸಲಹೆ ಕೊಡುವ ಆಯೋಗ ಸೇರಿಸಿಕೊಳ್ಳುವಂತಿಲ್ಲ. ಸದಸ್ಯತ್ವ ಹಿಗ್ಗಿಸಬೇಕೆಂದಿದ್ದರೆ ಈ ಒಂದು ವರ್ಷದಿಂದ ಮತ್ತು ಮೇಯರ್ ನೇಮಿಸುವ ಐದರಿಂದ ಶುರುಮಾಡಬಹುದು: ಐದನ್ನು ಏಳು ಮಾಡಲಿ, ಹೆಚ್ಚಿದ ಎರಡನ್ನು 18 ದಾಟಿದ ಈ ಗುಂಪಿಗೆ ಮೀಸಲಿಡಲಿ. ಒಟ್ಟು 19, ಕೋರಂ 10. ಮೇಯರ್ ಕಡೆಯವರು 8, ಸೂಪರ್‌ವೈಸರ್‌ಗಳ ಕಡೆಯವರು 11. ಬಹುಮತ ಮಂಡಳಿಯ ಕೈಬಿಡುವುದಿಲ್ಲವಾದ್ದರಿಂದ ಪ್ರಸ್ತಾಪವನ್ನು ಬ್ಯಾಲಟ್ಟಿಗೆ ತರಲು ಬೇಕಾದ ಆರು ಮತಗಳು ಮಂಡಳಿಯಲ್ಲಿ ಸಿಗದಿರಲು ಕಾರಣ ಕಾಣುವುದಿಲ್ಲ.